ಅಪ್ಪನ ರಾಹುಕಾಲ

ನಮ್ಮ ಮನೆಯಲ್ಲಿ ರಾಹುಕಾಲಕ್ಕಾಗಿ ಕ್ಯಾಲೆಂಡರನ್ನು ಅಮ್ಮನಿಗಿಂತ ಹೆಚ್ಚು ನೋಡುತ್ತಿದ್ದವರು ಅಪ್ಪ. ಅಮ್ಮ ಆ ಒಂದೂವರೆ ಗಂಟೆ ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ನಾಸ್ತಿಕರಾದ ಅಪ್ಪ ಆ ಒಂದೂವರೆ ಗಂಟೆ ಬಿಟ್ಟು ಬೇರೆ ಹೊತ್ತಿನಲ್ಲಿ ಕೈ ಹಾಕುತ್ತಿರಲಿಲ್ಲ. ಸ್ಕೂಟರ್ ಕೊಂಡದ್ದು, ಹಲ್ಲು ಕೀಳಿಸಿಕೊಂಡದ್ದು ಎಲ್ಲ ರಾಹುಕಾಲದಲ್ಲೇ. ಇಂಥ ಮಡಿವಂತ ನಾಸ್ತಿಕರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೋವಿಂದರಾಜನಗರದ ಬಾಡಿಗೆ ಮನೆ ಬಿಟ್ಟು ಮಲ್ಲತ್ತಹಳ್ಳಿಯ ಸ್ವಂತ ಫ್ಲ್ಯಾಟಿಗೆ ಹೊರಟ ಶುಕ್ರವಾರ ಇಬ್ಬರಿಗೂ ಜಗಳವೋ ಜಗಳ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅದರೊಳಗೇ ಹೊಸಿಲು ದಾಟಬೇಕೆಂದು ಅಪ್ಪ. ಅದು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಬಲಗಾಲಿಟ್ಟು ಹೋಗಿ ಹಾಲುಕ್ಕಿಸಬೇಕೆಂದು ಅಮ್ಮ.

"ಏನೂ ಆಗಲ್ಲ ಕಣೇ, ನನ್ನ ನಂಬು," ಎಂದು ಅಪ್ಪ ಗೋಗರೆದರು. ಅಮ್ಮ ಮುಖ ಊದಿಸಿಕೊಂಡು, ಹಾಲು ಪಾತ್ರೆ ಹಿಡಿದು ಆಟೋ ಹತ್ತಿ ಮೊದಲೇ ಹೋದರು.

ಸಾಮಾನಿನ ಟೆಂಪೋದಲ್ಲಿ ಡ್ರೈವರಿಗೂ ಅಪ್ಪನಿಗೂ ನಡುವೆ ನಾನು. ಅಪ್ಪ ಗಡಿಯಾರ ನೋಡುವುದು, "ಅಯ್ಯೋ, ರಾಹುಕಾಲ!" ಎಂದು ಹಣೆ ಚಚ್ಚಿಕೊಳ್ಳುವುದು. ಬೇಗ ಹೋಗಪ್ಪ ಎಂದು ಬಾಯಿಬಿಟ್ಟು ಹೇಳಲು ಬಿಗುಮಾನ. ರಾಹುಕಾಲಕ್ಕೆ ಓಡುವ ನಾಸ್ತಿಕ ಎಂದು ಗೊತ್ತಾದರೆ ಮರ್ಯಾದೆ ಏನಾಗಬೇಕು? ಬಾಗಲಕೋಟೆ ಕಡೆಯ ಡ್ರೈವರ್ ಅವರನ್ನು ಕನಿಕರದಿಂದ ನೋಡಿ ವೇಗ ಇಳಿಸಿದ. ಚಹಾಕ್ಕೆ ನಿಲ್ಲಿಸಿದ. ಟೈರುಗಳನ್ನು ಒಂದೊಂದಾಗಿ ಒದ್ದು ನೋಡಿದ. ಮಲ್ಲತ್ತಹಳ್ಳಿ ಕೆರೆಯನ್ನೂ ಒಮ್ಮೆ ಸುತ್ತು ಹಾಕಿಸಿದ. ಅಮ್ಮನ ಪಕ್ಷದವಳಾದ ನಾನು ಬಾಯಿಗೆ ಬೀಗ ಹಾಕಿಕೊಂಡೆ. ಗೇಟು ಮುಟ್ಟಿದಾಗ ಹನ್ನೆರಡು ದಾಟಿತ್ತು.

"ಚಿಂತಿ ಬ್ಯಾಡ್ರಿ ಯಜಮಾನ್ರ," ಎಂದ ಡ್ರೈವರ್. "ರಾಹುಕಾಲ ಮುಗಿಯೂತನಕ ಬೇಕಂತನ ನಿಧಾನ ಹೊಡದೇನಿ. ಈಗ ಆರಾಮ ಒಳಗ ಹೋಗ್ರಿ."

ಅಪ್ಪನಿಗೆ ಅಳುವುದೊಂದು ಬಾಕಿ. "ನಾಳೆ ಒಂಬತ್ತಕ್ಕೆ ಮತ್ತೆ ರಾಹುಕಾಲ ಬರುತ್ತೆ. ಅಲ್ಲೀವರೆಗೆ ನಾನು ಒಳಗೆ ಕಾಲಿಡಲ್ಲ," ಎಂದು ಫ್ಲ್ಯಾಟಿನ ಬಾಗಿಲೆದುರು ಸೋಫಾ ಇಳಿಸಿಕೊಂಡು ಕುಳಿತೇಬಿಟ್ಟರು.

ಬಾಗಿಲು ತೆರೆಯಿತು. ಒಳಗಿನಿಂದ ಅಮ್ಮ ಬಿಸಿ ಹಾಲಿನ ಲೋಟ ಚಾಚಿದರು.

"ತಗೊಳ್ಳಿ. ಹನ್ನೊಂದಕ್ಕೇ ಉಕ್ಕಿಸಿದೆ. ಹೊಸ ಮನೇಲಿ ಮೊದಲ ದಿನಾನೇ ನಿಮ್ಮ ಮುಖ ಸಪ್ಪಗಿರೋದು ನನಗೆ ಇಷ್ಟ ಇಲ್ಲ."

ಅಪ್ಪನ ಮುಖ ಬಿಳಿಚಿಕೊಂಡಿತು. "ರಾಹುಕಾಲದಲ್ಲಾ? ಒಬ್ಬಳೇನಾ? ನಿಂಗೇನಾದ್ರೂ ಆಗಿದ್ರೆ?" ಎನ್ನುತ್ತ ಹೊಸಿಲು ದಾಟಿ ಒಳಗೆ ನುಗ್ಗಿ ಅಮ್ಮನ ಕೈ ಹಿಡಿದುಕೊಂಡರು. ಬಲಗಾಲೇ ಮೊದಲು, ನಾನು ನೋಡಿದೆ.

"ಏನಾಗುತ್ತೆ?" ಎಂದರು ಅಮ್ಮ. "ಏನೂ ಆಗಲ್ಲ ಅಂತ ನೀವೇ ತಾನೇ ಹೇಳಿದ್ದು? ನಂಬಿದೆ."