ಬಂದರಿನ ಚಿತ್ರದಲ್ಲಿ ಅಪ್ಪ ಕಂಡ ದಿಮ್ಮಿ

ನಾನು ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕಳೆದ ವರ್ಷ ಮೈಸೂರಿನಲ್ಲಿ ಹಳೆಯ ಛಾಯಾಚಿತ್ರಗಳ ಪ್ರದರ್ಶನವಿದೆಯೆಂದು ತಿಳಿದು ಹತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಹೊರಟೆ. ವ್ಯಾನಿನಲ್ಲಿ ಒಂದು ಸೀಟು ಉಳಿದಿತ್ತು. ಅಪ್ಪನನ್ನೂ ಕೂರಿಸಿಕೊಂಡೆ. ಎಚ್.ಡಿ. ಕೋಟೆಯ ಅಂತರಸಂತೆ ಕಡೆಯ ಕಾಡಿನಲ್ಲಿ ಮರ ಸಾಗಿಸುತ್ತಲೇ ವಯಸ್ಸು ಕಳೆದವರು ಅವರು.

ಅಲ್ಲಿದ್ದದ್ದೆಲ್ಲ ಪಡುವಣ ಕರಾವಳಿಯ ಒಂದು ಬಂದರು ಪಟ್ಟಣದ ಚಿತ್ರಗಳು. ಕ್ಯಾಮೆರಾ ಆಗಷ್ಟೇ ಬಂದಿದ್ದ ಕಾಲದವು. ಬಂದವರಿಗೆ ಚಿತ್ರಗಳನ್ನು ವಿವರಿಸಲು ನಿಂತಿದ್ದ ಅಲ್ಲಿನ ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು: ದೀಪಸ್ತಂಭ ಭರವಸೆಯ ಸಂಕೇತ, ದೂರದ ಹಡಗು ಅಗಲಿಕೆಯ ಸಂಕೇತ. ದೊಡ್ಡದೊಂದು ಚಿತ್ರದ ಮುಂಭಾಗದಲ್ಲಿ, ಮರಳಿನ ಮೇಲೆ ಕಪ್ಪು ದಿಮ್ಮಿಗಳು ಬಿದ್ದಿದ್ದವು. "ಅಲೆಗಳು ತಂದೆಸೆದ ಮರ. ಬದುಕಿನ ನಶ್ವರತೆಯನ್ನು ಸೂಚಿಸುತ್ತದೆ," ಎಂದಳು. ನಾನು ತಲೆಯಾಡಿಸಿದೆ.

ಅಪ್ಪ ಬಗ್ಗಿ ನೋಡಿದರು. "ಇದು ಸಮುದ್ರ ತಂದಿದ್ದಲ್ಲ ಕಣವ್ವಾ. ತುದೀಲಿ ತೂತು ನೋಡು. ಸರಪಳಿ ಪೋಣ್ಸಕ್ಕೆ ಕೊರ್ದವ್ರೆ. ಆನೆ ಎಳ್ದಿರೋ ತೇಗ."

ನನಗೆ ನಾಚಿಕೆಯಾಯಿತು. ಅವರ ತೋಳು ಹಿಡಿದು ಎಳೆಯಲು ಹೋದೆ. ಹುಡುಗಿ ಮಾತ್ರ ತನ್ನ ಟ್ಯಾಬ್ ತೆಗೆದು ಅದೇ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಒಂದೊಂದು ದಿಮ್ಮಿಯ ತುದಿಯಲ್ಲೂ ತೂತಿತ್ತು.

"ಹಾಗಾದರೆ ಇದರ ಅರ್ಥ ಏನು ಅಂತೀರಿ, ತಾತ?"

"ನಂಗೆ ಅರ್ಥಗಿರ್ಥ ಗೊತ್ತಿಲ್ಲ. ಆದ್ರೆ ಫೋಟೊ ತೆಗ್ದೋನು ನಾಕೆಜ್ಜೆ ಪಕ್ಕಕ್ಕೆ ನಿಂತಿದ್ರೆ ಬರೀ ಹಡಗು ಬತ್ತಿತ್ತು, ದಿಮ್ಮಿ ಬತ್ತಿರ್ಲಿಲ್ಲ. ಬೇಕೂಂತ್ಲೇ ಅಲ್ಲಿ ನಿಂತವ್ನೆ. ಹಡಗು ಕಟ್ಟಕ್ಕೆ ಮರ ಬೇಕಲ್ವಾ? ಅದ್ನ ಕಾಡಿಂದ ಯಾರೋ ತಂದವ್ರೆ ಅಂತ ತೋರ್ಸವ್ನೆ, ಅಷ್ಟೇಯ."

ಅಷ್ಟು ಹೊತ್ತು ಫೋನು ನೋಡುತ್ತಿದ್ದ ಮಕ್ಕಳು ಅಪ್ಪನ ಸುತ್ತ ಸೇರಿದರು. ಮರ ಕೆತ್ತುವ ಬಾಚಿಯಿಂದ ತೂತು ಕೊರೆಯುವುದು ಹೇಗೆ, ಇಳಿಜಾರಿನಲ್ಲಿ ಆನೆ ಹೇಗೆ ಹೆಜ್ಜೆ ಅಳೆದು ಇಡುತ್ತದೆ, ಎಲ್ಲವನ್ನೂ ಅಪ್ಪ ಕೈಯಾಡಿಸಿ ತೋರಿಸಿದರು. ಶಾಲೆಯಲ್ಲಿ ಅಪ್ಪನ ಕೆಲಸ ಏನೆಂದು ಕೇಳಿದರೆ ಮಾತು ಮರೆಸುತ್ತಿದ್ದ ನಾನು ಅಂದು ಎಲ್ಲರಿಗೂ ಕೇಳುವಂತೆ, "ಇವರು ನಮ್ಮಪ್ಪ," ಎಂದೆ.

ವಾರದ ನಂತರ ಆ ಹುಡುಗಿ ಚಿತ್ರದ ಕೆಳಗೆ ಹಾಕಿದ ಹೊಸ ಫಲಕದ ಫೋಟೊ ನನ್ನ ಫೋನಿಗೆ ಕಳಿಸಿದಳು. 'ಆನೆಗಳು ಎಳೆದು ತಂದ ತೇಗದ ದಿಮ್ಮಿಗಳು, ಮಾಹಿತಿ: ಎಚ್.ಡಿ. ಕೋಟೆಯ ಕಾಡಿನಲ್ಲಿ ದುಡಿದ ಹಿರಿಯರು' ಎಂದಿತ್ತು. ಅಮ್ಮನಿಗೆ ಓದಿ ಹೇಳು ಎಂದರು ಅಪ್ಪ. ಓದಿದೆ.

"ಇನ್ನೊಂದ್ಸಲ ಓದವ್ವ," ಎಂದಳು ಅಮ್ಮ.