ಹಸಿರು ಭರಣಿಯ ಸಿಹಿ

ಕಾಶೀ, ನಿನ್ನ ಬಸಿರು ನಿಲ್ಲದಂತೆ ಮಾಡಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಅದು ಗಾಳಿಯಲ್ಲ, ದೃಷ್ಟಿಯಲ್ಲ, ನಿನ್ನ ಹಣೆಬರಹವಂತೂ ಅಲ್ಲ. ನಿನ್ನ ಮೊದಲ ಬಸಿರಿನ ಕುಬಸಕ್ಕೆಂದು ನಾನೇ ಸುಟ್ಟು, ನಾನೇ ಹೊತ್ತು ತಂದು ನಿನ್ನ ಕೈಗಿಟ್ಟ ಆ ಹಸಿರು ಭರಣಿ. ಅದು ಕೆಟ್ಟ ಭರಣಿಯೆಂದು ಇಡುವಾಗಲೇ ನನಗೆ ಗೊತ್ತಿತ್ತು — ಈ ಒಂದು ಮಾತು ಬರೆಯಲಿಕ್ಕೆ ಮುದುಕನಾಗಬೇಕಾಯಿತು.

ಕಲ್ಯಾಣದಲ್ಲಿ ನಮ್ಮಪ್ಪ ಮಾಡುತ್ತಿದ್ದುದು ಬರೀ ಕೆಂಪು ಗಡಿಗೆ. ನನಗೋ ಮಿಂಚುವ ಸಾಮಾನಿನ ಹುಚ್ಚು. ಹುಮನಾಬಾದಿನಲ್ಲಿ, ನಿನ್ನ ಗಂಡನ ಮನೆಯ ಹಿಂದಿನ ಓಣಿಯಲ್ಲಿ, ಒಬ್ಬ ಮುದುಕ ಚಾಚಾ ಹೂವಿನ ಕುಂಡಗಳಿಗೆ ಹಸಿರು ಮೆರುಗು ಕೊಡುತ್ತಿದ್ದ. ಲಾರಿಗಳ ಹಳೇ ಬ್ಯಾಟರಿಯ ಸೀಸ ಸುಟ್ಟು ಪುಡಿ ಮಾಡಿ, ಬಿಳಿಗಲ್ಲಿನ ಹಿಟ್ಟು, ತಾಮ್ರದ ಪುಡಿ ಬೆರೆಸಿ, ಗಂಜಿಯಲ್ಲಿ ಕಲಸಿ ಬಳಿದು ಭಟ್ಟಿಗಿಟ್ಟರೆ ಗಿಳಿಯ ರೆಕ್ಕೆಯ ಬಣ್ಣ. ಚಾಚಾನ ಎರಡೂ ಮುಂಗೈ ಮಾತ್ರ ಬಾಡಿದ ಎಲೆಯಂತೆ ಜೋತುಬಿದ್ದಿದ್ದವು. ಚಹಾದ ಬಸಿಯನ್ನೂ ಸೊಸೆಯೇ ಹಿಡಿದು ಕುಡಿಸಬೇಕು.

"ಕುಂಡಾ ಮಾಡು ಬೇಟಾ, ಬಾಯಿಗಿ ಹತ್ತೋ ಸಾಮಾನ ಮಾಡಬ್ಯಾಡ," ಅನ್ನುತ್ತಿದ್ದ. "ಮಾಡಿದ್ರ, ಹುಣಸಿ ನೀರ ಹಾಕಿಟ್ಟು ಮರುದಿನ ನಾಲಿಗಿ ಹಚ್ಚಿ ನೋಡು. ಸಿಹಿ ಹತ್ತಿತಂದ್ರ ಸೀಸದ ವಿಷ ಬಿಟ್ಟದ, ಕಲ್ಲಿಗಿ ಬಡದು ಒಡಿ. ಹುಳಿ ಮೆರಗು ನೆಕ್ಕತದ, ಆಮ್ಯಾಗ ಆ ಮೆರಗು ಮನಷ್ಯಾನ್ನ ನೆಕ್ಕತದ."

ಅದೇ ಹೊತ್ತಿಗೆ ನಿನ್ನ ಅತ್ತೆ ನಾಲ್ಕು ಮಂದಿಯ ಮುಂದೆ ನಕ್ಕಿದ್ದಳಲ್ಲ — "ಕುಂಬಾರ ಬೀಗರವ್ವ! ಬಸುರಿ ಮಗಳಿಗಿ ಏನ ತರ್ತಾರ? ಮಣ್ಣ ತರ್ತಾರ!" ಆ ಮಾತು ನನಗೆ ನೆಟ್ಟಿತು. ಕುಬಸಕ್ಕೆ ತವರಿನಿಂದ ಹುಳಿ ಪದಾರ್ಥ ಹೋಗಬೇಕಷ್ಟೆ? ಆ ಮನೆ ಕಂಡಿರದ ಸಾಮಾನಿನಲ್ಲೇ ಹೋಗಲಿ, ಅಂದುಕೊಂಡೆ.

ಆ ವಾರ ಮಳೆ. ಕಟ್ಟಿಗೆ ಹಸಿ. ಭಟ್ಟಿಯ ಬಾಯಲ್ಲಿ ಹೊಗೆ ಕಪ್ಪಗೆ ಸುತ್ತಿಕೊಂಡಿತೇ ಹೊರತು ಉರಿ ಬೆಳ್ಳಗಾಗಲಿಲ್ಲ. ಅಪ್ಪನಿಗೆ ಮೆರುಗು ತಿಳಿಯದು, ಬೆಂಕಿ ತಿಳಿಯುತ್ತಿತ್ತು. "ಉರಿ ಇನ್ನಾ ಹಸೀ ಅದಲೇ, ತಡಿ," ಅಂದ. ಕುಬಸ ತಡೆಯುತ್ತದೆಯೇ? ತೆಗೆದೆ. ಭರಣಿ ಹೊಳೆಯುತ್ತಿತ್ತು — ಹೊಳೆಯಿತೆಂದು ನಾನು ಸುಮ್ಮನಾಗಲಿಲ್ಲ, ಅದೇ ನನ್ನ ಪಾಪ. ಚಾಚಾ ಹೇಳಿದಂತೆ ಹುಣಸೆ ನೀರು ಹಾಕಿಟ್ಟೆ. ಬೆಳಿಗ್ಗೆ ನಾಲಿಗೆ ಹಚ್ಚಿದೆ.

ಸಿಹಿ.

ಒಡೆಯುವ ಕಲ್ಲು ಅಂಗಳದಲ್ಲೇ ಇತ್ತು. ನಾನು ಭರಣಿ ತೊಳೆದು, ಅವ್ವನ ಮಾವಿನ ಉಪ್ಪಿನಕಾಯಿ ತುಂಬಿದೆ.

ನಿಮ್ಮ ಮನೆಯ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ನಿನ್ನ ಅತ್ತೆಯೂ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಉಬ್ಬಿಹೋದೆ. ಮುಂದೊಮ್ಮೆ ನಾನು ಬಂದಾಗ ನೀನು ಬೆರಳು ಚೀಪುತ್ತ ಅಂದೆ — "ಅಣ್ಣಾ, ಒಳಗ ಏನ ಮಾಟಾ ಮಾಡೀಯೋ? ಹುಳಿ ಮಾವಿನಕಾಯಿ ಬೆಲ್ಲ ಆಗ್ಯಾದ! ದಿನಾ ಅದನ್ನೇ ತಿನ್ನಾಕತ್ತೇನಿ." ನಾನು ನಕ್ಕೆ. "ತವರಿನ ಸಾಮಾನವ್ವ, ಸಿಹಿ ಇರಲಾರದ ಇರ್ತದೇನು?" ಅಂದೆ. ಆ ನಗು ಈಗಲೂ ನನ್ನ ಕಿವಿಯಲ್ಲಿ —

ಆ ಬಸಿರು ಉಳಿಯಲಿಲ್ಲ. ಮುಂದಿನದೂ, ಅದರ ಮುಂದಿನದೂ. ನೀನು ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದೆ; ನಿನ್ನ ಒಸಡಿನ ಮೇಲೆ ಕಪ್ಪು ಗೆರೆ ಬಂದಿತ್ತು. ತೀರಿದಾಗೆಲ್ಲ ಅದರಲ್ಲೇ ಹೊಸ ಉಪ್ಪಿನಕಾಯಿ ತುಂಬಿ, ತವರಿನ ಭರಣಿಯೆಂದು ನೀನು ಅದನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮನೆಯವರೆಲ್ಲ ಗಟ್ಟಿಯಾಗಿದ್ದರು, ನೀನೊಬ್ಬಳು ಸವೆದೆ. ಅದಕ್ಕೇ ದೋಷ ನಿನ್ನ ಒಡಲಲ್ಲಿದೆ ಅಂದರು.

ಹಿರಿಯರು ಕೂಡಿದ ದಿನ ನನ್ನನ್ನೂ ಕೂಡಿಸಿ ಕೇಳಿದರು: "ನಿಮ್ಮ ಮನೆತನದಾಗ ಹಿಂಗ ಯಾರಿಗರ ಆಗಿತ್ತೇನಪಾ?" ನೀನು ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದೆ. ನಾನು ಅಂದೆ — "ಇಲ್ರಿ. ಅಕಿ ನಸೀಬ್ರಿ."

ನಿನಗೆ ಸವತಿ ಬಂದಳು.

ಆಮೇಲೆ ನಾನು ತೂಗು ನೆಲುವಿನಿಂದ ಭರಣಿ ಇಳಿಸುವ ನೆಪದಲ್ಲಿ ಕೈಬಿಟ್ಟೆ. ಬೇಕೆಂದೇ. ನೀನು ಚೂರು ಆಯುತ್ತ ನನ್ನನ್ನೇ ಸಮಾಧಾನ ಮಾಡಿದೆ: "ಅಳಬ್ಯಾಡೋ ಹುಚ್ಚಪ್ಪಾ, ಮಣ್ಣಿನ ಸಾಮಾನು, ಒಡೀಲಿ ಬಿಡು." ಆಗಲೇ ನಿನ್ನ ಗಂಡ ನಿನ್ನ ಕೋಣೆಗೆ ಬರುವುದನ್ನು ಬಿಟ್ಟಿದ್ದ. ವಿಷ ನಿಂತಿತು, ಆದರೆ ಯಾರಿಗಾಗಿ ನಿಂತಿತು? ಚಾಚಾ ಹೇಳಿದ್ದನ್ನು ಆ ದಿನವಾದರೂ ನಿನಗೆ ಹೇಳಬಹುದಿತ್ತು. ಹೇಳಲಿಲ್ಲ.

ಮೊನ್ನೆ ನಿನ್ನ ಸವತಿಯ ಹಿರಿ ಮಗಳ ಮದುವೆ. ಎತ್ತಿ ಆಡಿಸಿ ಬೆಳೆಸಿದವಳು ನೀನು. ಅರಿಶಿಣ ಅರೆದವಳೂ ನೀನೇ. ಹಚ್ಚಲು ಹೆಂಗಸರು ಎದ್ದಾಗ, ಯಾರೂ ಹೇಳುವ ಮೊದಲೇ, ನೀನು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಹಿಂದೆ ಸರಿದೆ. "ಬಂಜಿ ಕೈ ಬ್ಯಾಡಂತ ಅಕಿಗೇ ತಿಳೀತದ, ಶಾಣ್ಯಾಕಿ," ಅಂದಳು ಒಬ್ಬಳು. ನಾನು ಅಂಗಳದಲ್ಲೇ ಇದ್ದೆ. ಬಾಯಲ್ಲಿ ಎಲೆಯಡಿಕೆ. ನುಂಗಿದೆ — ಮತ್ತೆ ನುಂಗಿದೆ.

ಬರುವ ಗುರುವಾರ ಕಿರಿ ಮಗಳಿಗೆ ಅರಿಶಿಣ. ಹಿಂದಿನ ದಿನವೇ ಬಂದು, ನಿನಗೆ ಓದು ಬಾರದಾದ್ದರಿಂದ, ಇದನ್ನು ನಿನ್ನೆದುರು ಕೂತು ಓದುತ್ತೇನೆ. ನೀನು ಉಗಿದರೆ ಒರೆಸಿಕೊಳ್ಳುವುದಿಲ್ಲ. ಮರುದಿನ ಬೀಗರು, ನೆಂಟರು ಕೂತ ಅಂಗಳದಲ್ಲಿ ಎದ್ದು ನಿಂತು ಓದುತ್ತೇನೆ. ಕಾಶಿಯ ಒಡಲಲ್ಲಿ ದೋಷವಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಆಮೇಲೆ ನೀನು ಮುಂದೆ ಹೋಗಿ ಆ ಹುಡುಗಿಗೆ ಅರಿಶಿಣ ಹಚ್ಚು. ಬಾಗಿಲ ಹಿಂದೆ ನಾನು ನಿಲ್ಲುತ್ತೇನೆ.