ನೆಲಮಾಳಿಗೆಯ ಬಚ್ಚಲಿಗೆ ಗಾಳಿ

ನಮ್ಮ ಮನೆ ಮಾಲೀಕರು ನೆಲಮಾಳಿಗೆಯ ಸಾಮಾನಿನ ಕೋಣೆಯನ್ನು ಬಾಡಿಗೆ ರೂಮು ಮಾಡಿಸಿ, ಮೂಲೆಯಲ್ಲೊಂದು ಬಚ್ಚಲು ಕಟ್ಟಿಸಿ, ಅದಕ್ಕೆ ಗಾಳಿ ಎಲ್ಲಿಂದ ತರುವುದೆಂದು ಅಂದಿನಿಂದ ಯೋಚಿಸುತ್ತಲೇ ಇದ್ದಾರೆ. ಕಿಟಕಿ ಇಡೋಣವೆಂದರೆ ಗೋಡೆಯಾಚೆ ಬರೀ ಮಣ್ಣು. ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಮುಂದಕ್ಕೆ ತೆಗೆದರೆ ಮನೆಯ ಅಂದ ಕೆಡುತ್ತದೆ, ಪಕ್ಕಕ್ಕೆ ತೆಗೆದರೆ ಅವರ ಕಾರಿಗೆ ಹಬೆ ಹೊಡೆಯುತ್ತದೆ, ಹಿಂದಕ್ಕಂತೂ "ನನ್ನ ಅಡುಗೆಮನೆ ಕಿಟಕಿ ಕೆಳಗೆ ಬೇಡ" ಎಂದು ಅವರ ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಾರೆ. ಹಾಗಾಗಿ ಪೈಪು ರೂಮಿನೊಳಗೇ ತಿರುಗಿ, ಮಂಚದ ತಲೆದಿಂಬಿನ ನೇರಕ್ಕೆ ಬಂದು ನಿಂತಿದೆ. "ಹಬೆ ಬಚ್ಚಲಿಂದ ಆಚೆ ಹೋಯ್ತಲ್ವೇನ್ರೀ, ಇನ್ನೇನು ಬೇಕು?" ಎನ್ನುತ್ತಾರೆ ಮಾಲೀಕರು. ಗೋಡೆಗೆ ಹಿಡಿದ ಬೂಷ್ಟು ಅವರ ಪ್ರಕಾರ ಡಿಸೈನು. ರೂಮು ನೋಡಲು ಬಂದವರನ್ನು ಬಚ್ಚಲಿಗೇ ಕರೆದೊಯ್ದು, ಎದೆಯುಬ್ಬಿಸಿ ಉಸಿರೆಳೆದು, "ನೋಡಿ, ಎಷ್ಟು ತಂಪು" ಎಂದು ಬೀಗುತ್ತಾರೆ. ಆದರೆ ಒಳಹೋಗುವ ಮೊದಲು ತಮ್ಮದೊಂದು ಚಪ್ಪಲಿ ಬಿಚ್ಚಿ ಬಾಗಿಲ ಸಂದಿಗೆ ಸಿಕ್ಕಿಸುವುದನ್ನು ಮಾತ್ರ ಯಾವತ್ತೂ ಮರೆಯುವುದಿಲ್ಲ. ಮೊನ್ನೆ ಅವರ ಜೊತೆ ಫ್ಯಾನು ನೋಡಲು ಒಳಹೋದ ಎಲೆಕ್ಟ್ರಿಷಿಯನ್ ಆ ಚಪ್ಪಲಿಯನ್ನು ಕಾಲಲ್ಲಿ ಸರಿಸಿದ, ಬಾಗಿಲು ಮುಚ್ಚಿಕೊಂಡಿತು. ಮಾಲೀಕರು ಬೆವರಿ, ಅವನನ್ನು ತಳ್ಳಿಕೊಂಡೇ ಹೊರಗೋಡಿ ಬಂದು ಮೆಟ್ಟಿಲ ಮೇಲೆ ಕುಸಿದರು. "ನಾನು ಚಿಕ್ಕವನಿದ್ದಾಗ ನಾವೂ ಇಂಥ ರೂಮಲ್ಲೇ ಬಾಡಿಗೆಗಿದ್ವಿ," ಎಂದರು. "ಅಮ್ಮ ಅಲ್ಲೇ ಕೆಮ್ಮಿ ಕೆಮ್ಮಿ ಹೋದ್ಳು." ಎಲೆಕ್ಟ್ರಿಷಿಯನ್ ದನಿ ತಗ್ಗಿಸಿ, "ಹಾಗಾದ್ರೆ ಪೈಪನ್ನ ಹೊರಗಡೆಗೇ ತೆಗೀಲಾ ಸಾರ್?" ಎಂದು ಕೇಳಿದ. ಮಾಲೀಕರು ಮುಖ ಒರೆಸಿಕೊಂಡರು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. "ಬೇಡ ಬಿಡಪ್ಪ," ಎಂದರು, "ಇರೋರಿಗೆ ಅಭ್ಯಾಸ ಆಗುತ್ತೆ."